ಹತ್ತೇ ಹಕ್ಕಿ ಗೊತ್ತಿದ್ದರೆ ಸಾಕಾ?

ಪ್ರಶ್ನೆ: ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಕ್ಕಿ ಎಣಿಕೆ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್'ಗೆ ಸೇರುವ ಆಸೆ. ಗೊತ್ತಿರುವುದು ಹತ್ತೇ ಹಕ್ಕಿ, ಕ್ಯಾಮೆರಾನೂ ಇಲ್ಲ. ಆಗುತ್ತಾ?
– ಓದುಗರೊಬ್ಬರು, ಶಿರಸಿ

ಉತ್ತರ: ಧಾರಾಳವಾಗಿ! ಆ ನಾಲ್ಕು ದಿನದಲ್ಲಿ ಯಾವಾಗಲಾದರೂ ಕನಿಷ್ಠ 15 ನಿಮಿಷ ಹಕ್ಕಿ ನೋಡಿ, ಎಣಿಸಿ, ಇ-ಬರ್ಡ್ ಆ್ಯಪ್‌ಗೆ ಹಾಕಿದರಾಯಿತು. ಭಾರತದಲ್ಲಿ ಇದು 2013ರಿಂದ ನಡೆಯುತ್ತಿದೆ.

ಮೊದಲ ಸಲ ನಾನು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಎಣಿಸಿದ್ದೆ. ಎರಡು ಪಿಕಳಾರ (ಬುಲ್‌ಬುಲ್) ಬಂದವು. ಎರಡಕ್ಕೂ ಬಾಲದ ಬುಡ ಕೆಂಪು. ಒಂದೇ ಜಾತಿ ಅಂತ ಬರೆದುಬಿಟ್ಟೆ. ಆಮೇಲೆ ನೋಡಿದರೆ ಒಂದಕ್ಕೆ ಚೂಪು ಜುಟ್ಟು, ಬಿಳಿ ಕೆನ್ನೆ, ಕಣ್ಣಿನ ಹಿಂದೆ ಕೆಂಪು ಚುಕ್ಕೆ. ಅದು ಕೆಮ್ಮೀಸೆ ಪಿಕಳಾರ!

ಗುರುತು ಸಿಗದಿದ್ದರೆ ಸುಮ್ನೆ ಹೆಸರು ಕಟ್ಟಬೇಡಿ. 'ಯಾವುದೋ ಗಿಡುಗ' ಅಂತ ಹಾಕಲೂ ಆ್ಯಪ್‌ನಲ್ಲಿ ಜಾಗವಿದೆ. ಕಾಗೆಯನ್ನು ಮಾತ್ರ ಬಿಡಬೇಡಿ. ಎಲ್ಲರೂ ಮರೆಯೋದು ಅದನ್ನೇ, ಅಲ್ವಾ?