ಇಯರ್ ಲೀಡರ್ ಆಗಲೋ ಬೇಡವೋ ಎಂದು ಕೇಳಿದ ಸಿಂಧನೂರಿನ ತಂಗಿಗೆ

ತಂಗಿ, ನಿನ್ನ ಪತ್ರ ನನಗೆ ಬಳ್ಳಾರಿಯಲ್ಲಿ ಸಿಕ್ಕಿತು. ಇಂಗ್ಲೆಂಡಿನ ಶಾಲೆಗಳಿಗೆ ಈಗ ಬೇಸಿಗೆ ರಜೆ ಅಲ್ವಾ, ಆಗಸ್ಟ್ ಪೂರ್ತಿ ಕೌಲ್ ಬಜಾರಿನ ತವರುಮನೆಯಲ್ಲಿದ್ದೇನೆ. "ಇಂಗ್ಲೆಂಡಿಗೆ ಬಂದು ಇನ್ನೂ ಎರಡು ವರ್ಷ ಆಗಿಲ್ಲ ಅಕ್ಕಾ, ಸೆಪ್ಟೆಂಬರ್‌ನಿಂದ ಇಯರ್ 3ಕ್ಕೆ, ಅಂದರೆ ಏಳೆಂಟು ವರ್ಷದ ಮಕ್ಕಳ ಮೂರೂ ಕ್ಲಾಸಿಗೆ, ಲೀಡರ್ ಆಗು ಅಂತ ಹೆಡ್ ಟೀಚರ್ ಹೇಳಿದ್ದಾರೆ. ನಮ್ಮೂರಲ್ಲಿ ಶಾಲೆ ನೋಡಲು ಬರುವ ಸಿಆರ್‌ಪಿ ತರಹ ಎಲ್ಲರ ಕೆಲಸ ತಪಾಸಣೆ ಮಾಡಬೇಕಾ? ಪಕ್ಕದ ಕ್ಲಾಸಿನ ಟೀಚರ್ ನನಗಿಂತ 20 ವರ್ಷ ಹಿರಿಯರು. ಒಪ್ಪಿಕೊಳ್ಳಲಾ, ಬೇಡ್ವಾ?" ಅಂತ ಕೇಳಿದ್ದೀಯ.

ಒಪ್ಪಿಕೋ. ಆದರೆ ಕೆಲಸ ಏನು ಅಂತ ತಿಳಿದುಕೊಂಡು ಒಪ್ಪಿಕೋ.

ಕಾಗದದಲ್ಲಿರುವ ಕೆಲಸ ಬೇಗ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಮೂರು ಕ್ಲಾಸು, ಹತ್ತಿರ ಹತ್ತಿರ 90 ಮಕ್ಕಳು. ಮೂರು ಕ್ಲಾಸಿಗೂ ಪಾಠದ ಯೋಜನೆ ಒಂದೇ ಹದದಲ್ಲಿ ಸಾಗಬೇಕು. ಪಾಲಕರ ಸಭೆ, ಪ್ರವಾಸದ ಬಸ್ಸು, ಪ್ರವಾಸದಲ್ಲಿ ಆಗಬಹುದಾದ ಅಪಾಯಗಳ ಪಟ್ಟಿ, ಯಾವ ಮಗುವಿಗೆ ಅಲರ್ಜಿ, ಅದರ ಇಂಜೆಕ್ಷನ್ ಪೆನ್ ಯಾರ ಚೀಲದಲ್ಲಿದೆ, ಎಲ್ಲಾ ನೀನು ನೋಡಬೇಕು. ಬೆಳಿಗ್ಗೆ ಏಳಕ್ಕೆ ಒಬ್ಬರು ಜ್ವರ ಅಂತ ಮೆಸೇಜ್ ಹಾಕಿದರೆ, ಬದಲಿಗೆ ಬರುವ ಟೀಚರ್ ಮೇಜಿನ ಮೇಲೆ ಅವತ್ತಿನ ಪಾಠ ಇರುವ ಹಾಗೆ ಮಾಡಬೇಕು. ಇಯರ್ 4ರಲ್ಲಿ ಸರ್ಕಾರದ ಮಗ್ಗಿ ಪರೀಕ್ಷೆ ಇದೆ, 25 ಪ್ರಶ್ನೆ, ಒಂದೊಂದಕ್ಕೆ 6 ಸೆಕೆಂಡು. ನಿಮಗೆ ಅಂಥ ಪರೀಕ್ಷೆ ಇಲ್ಲ. ಆದರೆ 3, 4, 8ರ ಮಗ್ಗಿ ಕಲಿಸುವುದು ಇಯರ್ 3ರಲ್ಲೇ, ಅದು ಗಟ್ಟಿಯಾಗದಿದ್ದರೆ ಮುಂದಿನ ವರ್ಷದವರು ಒದ್ದಾಡುತ್ತಾರೆ.

ಈ ಕೆಲಸಕ್ಕೆ ಟಿಎಲ್‌ಆರ್ ಅಂತ ಒಂದು ಭತ್ಯೆ ಇದೆ. ಕೊಡುತ್ತಾರಾ ಅಂತ ಮೊದಲೇ ಕೇಳು, ಸಂಕೋಚ ಬೇಡ. ಪಾಠದ ಸಮಯದಲ್ಲಿ ಶೇಕಡಾ 10ರಷ್ಟು ತಯಾರಿಗೆ ಬಿಡುವುದು ಬಹುತೇಕ ಶಾಲೆಗಳಲ್ಲಿ ಟೀಚರ್‌ಗಳ ಹಕ್ಕು. ಅದನ್ನೇ ತೋರಿಸಿ "ಲೀಡರ್ ಕೆಲಸವನ್ನೂ ಇದರಲ್ಲೇ ಮುಗಿಸು" ಅಂದರೆ ಒಪ್ಪಬೇಡ. ಬೇರೆ ಸಮಯ ಎಷ್ಟು ಅಂತ ಬರವಣಿಗೆಯಲ್ಲಿ ತಗೋ.

ಈಗ ಕಾಗದದಲ್ಲಿ ಇಲ್ಲದ್ದು.

ಇಲ್ಲಿ ಬಳ್ಳಾರಿಯಲ್ಲಿ, ಪಕ್ಕದ ಸರ್ಕಾರಿ ಶಾಲೆಯಲ್ಲಿ ನಾನು ಮೊದಲು ಪಾಠ ಮಾಡುತ್ತಿದ್ದೆ. ನಿನ್ನೆ ಹೋಗಿದ್ದೆ. ಮಧ್ಯಾಹ್ನ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತಿದ್ದರು, ಹೆಡ್ ಟೀಚರ್ ಮೊಟ್ಟೆ ಎಣಿಸಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಬಿಸಿಯೂಟ 2002ರಲ್ಲಿ ನಮ್ಮ ಕಡೆಯ ಜಿಲ್ಲೆಗಳಲ್ಲೇ ಮೊದಲು ಶುರುವಾಗಿದ್ದು. ಎರಡನೇ ಕ್ಲಾಸಿನವನಿಗೂ ಅದೇ ಅನ್ನ, ಮೂರನೇ ಕ್ಲಾಸಿನವನಿಗೂ ಅದೇ ಅನ್ನ. ಇಂಗ್ಲೆಂಡಿನಲ್ಲಿ ಹಾಗಿಲ್ಲ. 2014ರಿಂದ ಸರ್ಕಾರಿ ಶಾಲೆಗಳಲ್ಲಿ ರಿಸೆಪ್ಷನ್ (ಇಯರ್ 1ಕ್ಕೂ ಮುಂಚಿನ ತರಗತಿ), ಇಯರ್ 1, ಇಯರ್ 2ರ ಎಲ್ಲ ಮಕ್ಕಳಿಗೂ ಊಟ ಉಚಿತ. ಇಯರ್ 3ಕ್ಕೆ ಬಂದ ದಿನ ಅದು ನಿಂತುಹೋಗುತ್ತದೆ. ಕಡಿಮೆ ಆದಾಯದ ಮನೆಯವರು ಅರ್ಜಿ ಹಾಕಿಕೊಂಡರೆ ಸಿಗುತ್ತದೆ, ಇಲ್ಲದಿದ್ದರೆ ದುಡ್ಡು ಕೊಡಬೇಕು, ಅಥವಾ ಮನೆಯಿಂದ ಡಬ್ಬಿ. ಲಂಡನ್ನಿನಲ್ಲಿ 2023ರಿಂದ ಸರ್ಕಾರಿ ಪ್ರೈಮರಿಗಳಲ್ಲಿ ದೊಡ್ಡ ಮಕ್ಕಳಿಗೂ ಕೊಡುತ್ತಿದ್ದಾರೆ. ನೀನಿರುವುದು ಲೆಸ್ಟರ್‌ನಲ್ಲಿ.

ನಾನು ಇಯರ್ 3ಕ್ಕೆ ಲೀಡರ್ ಆದ ಮೊದಲ ಸೆಪ್ಟೆಂಬರ್. ನನ್ನ ಕ್ಲಾಸಿನ ಒಬ್ಬ ಹುಡುಗನ ಡಬ್ಬಿಯಲ್ಲಿ ದಿನಾ ಎರಡು ಬಿಸ್ಕತ್ತು. ನೀಲಿ ಡಬ್ಬಿ, ಮುಚ್ಚಳದ ಒಂದು ಕಡೆಯ ಕೊಂಡಿ ಮುರಿದಿತ್ತು. ಅವನು ಮುಚ್ಚಳ ಅರ್ಧ ಮಾತ್ರ ಎತ್ತಿ ತಿನ್ನುತ್ತಿದ್ದ, ಒಳಗೇನಿದೆ ಅಂತ ಯಾರಿಗೂ ಕಾಣದ ಹಾಗೆ. ನನಗೆ ಕರುಳು ಚುರುಕ್ ಅಂತು. ನಮ್ಮೂರಲ್ಲಾದರೆ ಏನು ಮಾಡುತ್ತೇವೋ ಅದನ್ನೇ ಮಾಡಿದೆ. ನನ್ನ ಡಬ್ಬಿಯ ಚಪಾತಿ ಕೊಟ್ಟೆ, ಸುಮ್ನೆ ಇದ್ದೆ. ಹುಡುಗನಿಗೆ ಅವಮಾನ ಆಗಬಾರದು ಅಂತ ಯಾರಿಗೂ ಹೇಳಲಿಲ್ಲ.

ಅವನಿಗೆ ಅವಳಿ ತಂಗಿ ಇದ್ದಳು, ಪಕ್ಕದ ಕ್ಲಾಸಿನಲ್ಲಿ. ಅವಳ ಟೀಚರ್ ಕೂಡ ದಿನಾ ಅವಳಿಗೆ ಬಾಳೆಹಣ್ಣು ಕೊಡುತ್ತಿದ್ದರಂತೆ. ಅವರೂ ಯಾರಿಗೂ ಹೇಳಿರಲಿಲ್ಲ. ಮೂರು ವಾರ ಹೀಗೇ ಹೋಯಿತು. ಆ ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು, ಅಡುಗೆ ಮಾಡುವವರು ಯಾರೂ ಇರಲಿಲ್ಲ, ಉಚಿತ ಊಟಕ್ಕೆ ಅರ್ಜಿ ಹಾಕಬೇಕು ಅಂತಲೂ ಅವರಿಗೆ ಗೊತ್ತಿರಲಿಲ್ಲ. ಅರ್ಧ ವಿಷಯ ನನ್ನ ಹತ್ತಿರ, ಅರ್ಧ ಆ ಟೀಚರ್ ಹತ್ತಿರ. ಎರಡೂ ಅರ್ಧ ಕೂಡಿಸಬೇಕಾದವಳು ಲೀಡರ್ ಆಗಿದ್ದ ನಾನು. ಇವತ್ತಿಗೂ ಆ ಮೂರು ವಾರ ನನಗೆ ನೋವು ಕೊಡುತ್ತದೆ.

ಅದಕ್ಕೇ ಹೇಳುತ್ತೇನೆ. ವಾರಕ್ಕೊಮ್ಮೆ ಮೂವರೂ ಕೂತಾಗ ಮೊದಲು ಮಕ್ಕಳ ಮಾತು, ಆಮೇಲೆ ಪಾಠ. ಯಾರ ಡಬ್ಬಿ ಖಾಲಿ, ಯಾರು ಸೋಮವಾರ ಸೋಮವಾರ ತಪ್ಪಿಸುತ್ತಾರೆ, ಯಾರು ಇದ್ದಕ್ಕಿದ್ದಂತೆ ಮೌನ ಆಗಿದ್ದಾರೆ. ಸಹಾಯಕ ಸಿಬ್ಬಂದಿಯನ್ನೂ ಕೂರಿಸಿಕೋ. ಊಟದ ಹಾಲ್‌ನಲ್ಲಿ, ಆಟದ ಬಯಲಲ್ಲಿ ಇರುವವರು ಅವರೇ, ನಮಗಿಂತ ಜಾಸ್ತಿ ನೋಡಿರುತ್ತಾರೆ. ಆದರೆ ಗಾಬರಿ ಆಗುವಂಥದ್ದು ಕಂಡರೆ ಆ ಸಭೆಗೂ ಕಾಯಬೇಡ. ಪ್ರತಿ ಶಾಲೆಯಲ್ಲೂ ಮಕ್ಕಳ ರಕ್ಷಣೆಗೆ ಅಂತಲೇ ಒಬ್ಬ ಹಿರಿಯರು ಇರುತ್ತಾರೆ, ಅವತ್ತೇ ಅವರಿಗೆ ಮುಟ್ಟಿಸು. ಮಗು ಹೇಳಿದ ಮಾತನ್ನು ಅದರ ಬಾಯಲ್ಲಿ ಬಂದ ಹಾಗೇ ಬರೆದಿಡು. "ಯಾರಿಗೂ ಹೇಳಲ್ಲ ಪುಟ್ಟಾ" ಅಂತ ಮಾತ್ರ ಮಾತು ಕೊಡಬೇಡ. ನಮ್ಮ ರಾಯಚೂರು ಕಡೆ ಹತ್ತಿ ಬಿಡಿಸುವ ಕಾಲಕ್ಕೆ ಮಗು ಬರದಿದ್ದರೆ ಮೇಷ್ಟ್ರು ನೇರ ಮನೆಗೆ ಹೋಗಿ ಕರೆತರುತ್ತಾರೆ. ಇಂಗ್ಲೆಂಡಿನಲ್ಲಿ ನಿನ್ನಷ್ಟಕ್ಕೆ ನೀನೇ ಯಾರ ಮನೆ ಬಾಗಿಲಿಗೂ ಹೋಗುವ ಹಾಗಿಲ್ಲ. ಮನಸ್ಸಿಗೆ ಕಷ್ಟ ಆಗುತ್ತದೆ, ಗೊತ್ತು.

ಆ ಹಿರಿಯ ಟೀಚರ್ ವಿಷಯ. ಅವರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಬರಲ್ಲ ಅಂದಿದ್ದೀಯ. ಅಲ್ಲಿ ಸ್ಟಾಫ್‌ರೂಮಿನಲ್ಲಿ ಎಲ್ಲರೂ ಹೆಸರಿನಿಂದಲೇ ಕರೆಯುತ್ತಾರೆ, ಅದರಲ್ಲಿ ಅಗೌರವ ಇಲ್ಲ. ಅವರ ಮಕ್ಕಳ ಪುಸ್ತಕ ತಪಾಸಣೆಗೆ ಅಂತ ಕೇಳಬೇಡ. ಮೊದಲು ನಿನ್ನ ಕ್ಲಾಸಿನ ಮೂರು ಪುಸ್ತಕ ಮೇಜಿನ ಮೇಲಿಡು. "ಇವನ ಬರವಣಿಗೆ ಮುಂದಕ್ಕೆ ಹೋಗುತ್ತಿಲ್ಲ, ನೀವಾದರೆ ಏನು ಮಾಡುತ್ತೀರಿ?" ಅಂತ ಕೇಳು. ಮುಂದಿನ ವಾರ ಅವರೇ ತಮ್ಮ ಪುಸ್ತಕ ತರುತ್ತಾರೆ. ನನಗೆ ಹಾಗೇ ಆಯಿತು.

ಶಾಲೆ ಶುರುವಾಗುವ ಮುಂಚೆ ಒಂದು ಕೆಲಸ ಮಾಡು. ಇಯರ್ 2ರ ಟೀಚರ್‌ಗಳ ಹತ್ತಿರ ಅರ್ಧ ಗಂಟೆ ಕೂತು, ಊಟ ನಿಂತರೆ ಯಾವ ಮನೆಗೆ ಕಷ್ಟ ಆಗಬಹುದು ಅಂತ ಕೇಳು. ಅರ್ಜಿ ಫಾರಂ ಆಫೀಸಿನಲ್ಲಿ ಸಿಗುತ್ತದಾ ನೋಡು. ಮೊದಲ ಪಾಲಕರ ಸಭೆಯಲ್ಲಿ ಎಲ್ಲರಿಗೂ ಒಟ್ಟಿಗೆ ಹೇಳು, ಒಬ್ಬರನ್ನೇ ಪಕ್ಕಕ್ಕೆ ಕರೆಯಬೇಡ.

ನಾನು ತಿಂಗಳ ಕೊನೆಗೆ ವಾಪಸ್ ಬರುತ್ತೇನೆ. ಅಮ್ಮ ಶೇಂಗಾ ಚಟ್ನಿ ಕುಟ್ಟುತ್ತಿದ್ದಾರೆ, ನಿನಗೂ ಒಂದು ಡಬ್ಬಿ ತರುತ್ತೇನೆ. ಮನೆಯಲ್ಲೇ ತಿನ್ನು, ಶಾಲೆಗೆ ಒಯ್ಯಬೇಡ. ಶೇಂಗಾ ಅಲರ್ಜಿ ಇರುವ ಮಗು ನಿನ್ನ ಮೂರು ಕ್ಲಾಸಿನಲ್ಲಿ ಇದೆಯಾ ಅಂತ ಮೊದಲ ದಿನವೇ ಕೇಳಿಕೋ.