ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದಿದೆ, ದಿನಾ ಬಳಸಬೇಕೇ?

ಅಂಕೋಲಾ ತಾಲೂಕಿನ ಕಡಲಬದಿಯ ಪ್ರೌಢಶಾಲೆಗೆ ಹೊಸದಾಗಿ ಬಂದ ವಿಜ್ಞಾನ ಶಿಕ್ಷಕಿ ಎಂದು ಬರೆದಿದ್ದೀರಿ. ಹಳೆ ವಿದ್ಯಾರ್ಥಿಗಳು ಸೇರಿ ಸ್ಮಾರ್ಟ್ ಬೋರ್ಡ್ ಕೊಡಿಸಿದ್ದಾರೆ, ದಿನಾ ಬಳಸಿ ಎನ್ನುತ್ತಾರೆ, ಯಾವುದಕ್ಕೆ ಎಷ್ಟು ಬಳಸಬೇಕು ಎಂಬುದು ನಿಮ್ಮ ಪ್ರಶ್ನೆ. ಕುಮಟಾ ಬದಿಯಲ್ಲೂ ಘಟ್ಟದ ಮೇಲೆ ಶಿರಸಿ ಬದಿಯಲ್ಲೂ ಇದೇ ವಿಷಯ ಕಲಿಸಿದವನು ನಾನು. ದಿನಾ ಬೇಡ ಅಕ್ಕೋರೇ. ಶಾಲೆಯಿಂದ ನಡೆದುಹೋಗಿ ನೋಡಬಹುದಾದದ್ದನ್ನು ಬೋರ್ಡಿನ ಮೇಲೆ ತೋರಿಸಬೇಡಿ. ನಡೆದುಹೋದರೂ ಕಣ್ಣಿಗೆ ಬೀಳದ್ದಕ್ಕೆ ಅದನ್ನು ಹಚ್ಚಿ.

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ವಿಡಿಯೋ ಎಷ್ಟು ಬೇಕಾದರೂ ಸಿಗುತ್ತದೆ. ಆದರೆ ಕಾಳಿ, ಗಂಗಾವಳಿ, ಅಘನಾಶಿನಿಯ ಅಳಿವೆಗಳಲ್ಲಿ ಆ ಗಿಡಗಳೇ ನಿಂತಿರುವಾಗ ವಿಡಿಯೋ ಯಾಕೆ? ಬೇರು ಕೆಸರಿನಿಂದ ಮೇಲಕ್ಕೆ ಯಾಕೆ ಚುಚ್ಚಿಕೊಂಡು ಬಂದಿದೆ, ಬೀಜ ಮರದಲ್ಲಿದ್ದಾಗಲೇ ಯಾಕೆ ಮೊಳಕೆಯೊಡೆದಿದೆ ಎಂದು ಮಗು ಕೇಳುವುದು ಕಾಲಿಗೆ ಕೆಸರು ಹತ್ತಿದ ಮೇಲೆಯೇ. ಉಪ್ಪು ಹರಳುಗಟ್ಟುವ ಪಾಠಕ್ಕೂ ಸಾಣಿಕಟ್ಟೆಯ ಉಪ್ಪಿನ ಆಗರ ದೂರವಿಲ್ಲ. ಆಗರದಲ್ಲಿ ಕಾಣದ್ದು ಒಂದೇ: ಉಪ್ಪು ನೀರಿನಲ್ಲಿ ಕರಗುವಾಗ ಅದರ ಕಣಗಳು ಹೇಗೆ ಬಿಡಿಬಿಡಿಯಾಗುತ್ತವೆ ಎಂಬುದು. ಅಲ್ಲಿ ಬೋರ್ಡ್ ಬೇಕು. ಕೊಲೊರಾಡೋ ವಿಶ್ವವಿದ್ಯಾಲಯದವರು 2002ರಿಂದ ಮಾಡುತ್ತ ಬಂದಿರುವ ಫೆಟ್ (PhET) ಎಂಬ, ಪರದೆಯ ಮೇಲೆ ತಾವೇ ಮಾಡಿ ನೋಡುವ ಸಿಮ್ಯುಲೇಶನ್‌ಗಳು ಇಂಥದ್ದಕ್ಕೆ ಬಹಳ ಚೆನ್ನಾಗಿವೆ, ಹಣ ಕೊಡಬೇಕಿಲ್ಲ, ಕೆಲವು ಕನ್ನಡದಲ್ಲೂ ಇವೆ.

ನಿಮ್ಮ ಶಾಲೆ ಕಡಲ ಬದಿಗೇ ಇರುವುದರಿಂದ ಒಂದು ಪಾಠವನ್ನು ಮಾತ್ರ ಬಿಡಿಸಿ ಹೇಳುತ್ತೇನೆ: ಭರತ ಇಳಿತ. ಪುಸ್ತಕದಲ್ಲಿ ಭೂಮಿ, ಚಂದ್ರ, ಎರಡು ಬದಿಗೆ ಉಬ್ಬಿದ ನೀರು, ಒಂದು ಚಿತ್ರ. ಮೀನುಗಾರರ ಮನೆಯ ಮಕ್ಕಳಿಗೆ, ಬೆಳಚು (ಚಿಪ್ಪುಮೀನು) ಹೆಕ್ಕಲು ತಾಯಿಯ ಜೊತೆ ಹೋಗುವ ಮಕ್ಕಳಿಗೆ ಇದರ ಬಗ್ಗೆ ಆ ಚಿತ್ರಕ್ಕಿಂತ ಹೆಚ್ಚು ಗೊತ್ತು. ಮೊದಲು ಅವರನ್ನೇ ಮಾತಾಡಿಸಿ. ಆಮೇಲೆ ಹದಿನೈದು ದಿನ ಭರತ ಏರಿ ನಿಂತ, ಇಳಿತ ಇಳಿದು ನಿಂತ ಹೊತ್ತನ್ನೂ ನೀರಿನ ಮಟ್ಟವನ್ನೂ ಬರೆದುಕೊಳ್ಳಲು ಹೇಳಿ. ಕತ್ತಲಾದ ಮೇಲಿನದು ಬೇಡ, ಹಗಲಿನದು ಸಾಕು. ದಿನಕ್ಕೆ ಎರಡು ಭರತ, ಎರಡು ಇಳಿತ. ನಿನ್ನೆಯ ಹೊತ್ತಿಗಿಂತ ಇವತ್ತಿನದು ಸುಮಾರು 50 ನಿಮಿಷ ತಡ. ಹುಣ್ಣಿಮೆ ಅಮಾವಾಸ್ಯೆಯ ಹತ್ತಿರ ನೀರು ಹೆಚ್ಚು ಮೇಲೆ ಬರುತ್ತದೆ, ಹೆಚ್ಚು ಕೆಳಗೆ ಇಳಿಯುತ್ತದೆ. ಇಷ್ಟೆಲ್ಲ ಅವರ ನೋಟ್‌ಬುಕ್ಕಿನಲ್ಲೇ ಹೊರಬೀಳುತ್ತದೆ.

ಈಗ ಬೋರ್ಡ್ ಹಚ್ಚಿ. ಆಕಾಶ ತೋರಿಸುವ ಸ್ಟೆಲೇರಿಯಮ್ ಎಂಬ ಉಚಿತ ತಂತ್ರಾಂಶದಲ್ಲಿ ನಿಮ್ಮೂರಿನ ಜಾಗ ಹಾಕಿ, ವಾತಾವರಣ ತೋರಿಸುವುದನ್ನು ಆಫ್ ಮಾಡಿ. ಆಗ ಹಗಲಿನ ಆಕಾಶದಲ್ಲೂ ಚಂದ್ರ ಎಲ್ಲಿದ್ದಾನೆ ಎಂದು ಕಾಣುತ್ತದೆ. ಒಬ್ಬೊಬ್ಬರೂ ತಮ್ಮ ನೋಟ್‌ಬುಕ್ಕಿನ ದಿನ, ಹೊತ್ತು ಹೇಳಲಿ, ಇನ್ನೊಬ್ಬರು ಬಂದು ಅದನ್ನು ಹಾಕಲಿ. ಪುಸ್ತಕದ ಚಿತ್ರ ನಂಬಿದ ಮಕ್ಕಳು ಭರತದ ಹೊತ್ತಿಗೆ ಚಂದ್ರ ನೆತ್ತಿಯ ಮೇಲೇ ಇರಬೇಕು ಎಂದುಕೊಂಡಿರುತ್ತಾರೆ. ಹಾಗಿರುವುದಿಲ್ಲ. ಚಂದ್ರ ನೆತ್ತಿ ದಾಟುವುದಕ್ಕೂ ನಮ್ಮ ತೀರದ ಭರತಕ್ಕೂ ನಡುವೆ ಅಂತರವಿದೆ, ಮತ್ತು ಆ ಅಂತರ ದಿನದಿನವೂ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತದೆ. ಯಾಕೆ? ಕಡಲಿನ ಆಳ, ತೀರದ ಆಕಾರ ನೀರಿನ ಓಟವನ್ನು ತಡೆಯುತ್ತವೆ, ತಿರುಗಿಸುತ್ತವೆ. ದಿನದ ಎರಡು ಭರತಗಳೂ ಸಮ ಇಲ್ಲವಲ್ಲ ಎಂದು ಒಂದಾದರೂ ಮಗು ಕೇಳುತ್ತದೆ. ನಮ್ಮ ಪಶ್ಚಿಮ ತೀರದಲ್ಲಿ ಅದು ನಿಜ. ಆ ದಿನ ಪಾಠ ಅರ್ಧಕ್ಕೇ ನಿಂತರೂ ನಿಲ್ಲಲಿ, ಆ ಪ್ರಶ್ನೆಯನ್ನು ಮಾತ್ರ ಬಿಡಬೇಡಿ.

ಘಟ್ಟದ ಮೇಲಿನವರಿಗೂ ಇಂಥ ಪಾಠಗಳಿವೆ. ಶಿರಸಿಯಲ್ಲಿ ಮಧ್ಯಾಹ್ನ ನೆರಳೇ ಬೀಳದ ದಿನ ವರ್ಷಕ್ಕೆ ಎರಡು ಸಲ ಬರುತ್ತದೆ: ಏಪ್ರಿಲ್ ಕೊನೆಯ ಹೊತ್ತಿಗೆ, ಮತ್ತೆ ಆಗಸ್ಟ್ ಎರಡನೇ ವಾರದ ಹೊತ್ತಿಗೆ. ಮೊದಲನೆಯದು ಬೇಸಿಗೆ ರಜೆಗೆ ಹೋಯಿತು, ಎರಡನೆಯದು ಮಳೆ ಮೋಡಕ್ಕೆ. ಅಲ್ಲಿ ಪರದೆಯ ಸೂರ್ಯನೇ ಗತಿ, ಅದರಲ್ಲಿ ತಪ್ಪೇನಿಲ್ಲ.

ಏನು ತೋರಿಸಿದರೂ ಒಂದು ಕ್ರಮ ಇಟ್ಟುಕೊಳ್ಳಿ. ಬಟನ್ ಒತ್ತುವ ಮೊದಲು ಏನಾಗುತ್ತದೆ ಎಂದು ಪ್ರತಿ ಮಗುವೂ ಬರೆಯಬೇಕು. ಎರಡನೇ ಬಲ್ಬ್ ಸೇರಿಸಿದರೆ ಮೊದಲನೆಯದು ಮಂಕಾಗುತ್ತದೋ ಇಲ್ಲವೋ? ಬರೆದವರಿಗೆ ಉತ್ತರ ನೋಡುವ ಹಠ ಹುಟ್ಟುತ್ತದೆ. ಬರೆಯದೆ ನೋಡಿದವರಿಗೆ ಅದು ಟಿವಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಒತ್ತಿದರೆ ತೆರೆಯುವ, ಸರ್ಕಾರದ ದೀಕ್ಷಾ ಜಾಲತಾಣದ ವಿಡಿಯೋಗಳನ್ನೂ ಪೂರ್ತಿ ಹಚ್ಚಿ ಕುಳಿತುಕೊಳ್ಳಬೇಡಿ. ಮನೆಯಲ್ಲಿ ನೋಡಿ, ಎಲ್ಲಿ ನಿಲ್ಲಿಸಬೇಕು ಎಂದು ಗುರುತು ಮಾಡಿಕೊಂಡು ಬನ್ನಿ. ನಮ್ಮ ಮಳೆಗಾಲ ನಿಮಗೆ ಗೊತ್ತು, ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು, ನೆಟ್‌ವರ್ಕ್ ಅದರ ಹಿಂದೆಯೇ ಹೋಗುತ್ತದೆ. ಸ್ಟೆಲೇರಿಯಮ್, ಗಣಿತದ ತಂತ್ರಾಂಶ ಜಿಯೋಜೀಬ್ರಾ ನೆಟ್ ಇಲ್ಲದೆಯೂ ನಡೆಯುತ್ತವೆ. ಫೆಟ್ ಕಡತಗಳನ್ನು ಪೆನ್‌ಡ್ರೈವಿನಲ್ಲಿ ತಂದಿಟ್ಟುಕೊಳ್ಳಬಹುದು. ಸುಣ್ಣದ ಕಡ್ಡಿಯಲ್ಲಿ ಮುಂದುವರಿಸಲಾಗದ ಪಾಠವನ್ನು ಬೋರ್ಡಿನ ಭರವಸೆಗೆ ಬಿಡಬೇಡಿ.

ಮೊಬೈಲಿಗೆ ಹೋಮ್‌ವರ್ಕ್ ಕಳಿಸುವ ವಿಚಾರವನ್ನೂ ಕೇಳಿದ್ದೀರಿ. ದಯವಿಟ್ಟು ಬೇಡ. ಮನೆಗೆ ಒಂದೇ ಫೋನ್ ಇದ್ದರೆ ಅದು ಅಪ್ಪನ ಜೊತೆ ಬೋಟಿಗೆ ಹೋಗಿರುತ್ತದೆ. 2020ರಲ್ಲಿ ಶಾಲೆ ಮುಚ್ಚಿದಾಗ ಘಟ್ಟದ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ ಕುಳಿತದ್ದನ್ನು ನೋಡಿದ್ದೇನೆ. ಆಗ ಮಕ್ಕಳಿಗೆ ನಿಜವಾಗಿ ತಲುಪಿದ್ದು ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ಸರ್ಕಾರದ ವಿದ್ಯಾಗಮ ಯೋಜನೆಯಲ್ಲಿ ದೇವಸ್ಥಾನದ ಜಗುಲಿ, ಮರದ ಬುಡಕ್ಕೆ ನಡೆದುಕೊಂಡು ಬಂದ ಶಿಕ್ಷಕರು. ಯುನೆಸ್ಕೋದ 2023ರ ಜಾಗತಿಕ ಶಿಕ್ಷಣ ವರದಿಯೂ ತಂತ್ರಜ್ಞಾನ ಶಿಕ್ಷಕರ ಎದುರುಬದುರು ಪಾಠಕ್ಕೆ ಪೂರಕವಾಗಬೇಕು, ಅದರ ಜಾಗಕ್ಕೆ ಬರಬಾರದು ಎಂದೇ ಹೇಳುತ್ತದೆ.

ಹಳೆ ವಿದ್ಯಾರ್ಥಿಗಳಿಗೆ ಉತ್ತರ ಕೊಡಲು ಕಷ್ಟಪಡಬೇಡಿ. ಮಕ್ಕಳು ತಮ್ಮ ಲೆಕ್ಕ ಹಿಡಿದು ಚಂದ್ರನನ್ನು ಹುಡುಕುವ ದಿನ ಅವರನ್ನು ಕರೆದು ಹಿಂದಿನ ಬೆಂಚಿನಲ್ಲಿ ಕೂರಿಸಿ. ವಾರಕ್ಕೊಮ್ಮೆ ಹಚ್ಚಿದರೂ ತಮ್ಮ ದುಡ್ಡು ದಂಡವಾಗಿಲ್ಲ ಎಂದು ಅವರಿಗೇ ತಿಳಿಯುತ್ತದೆ.

ಭರತದ ಕೆಲಸವನ್ನು ಜೂನ್‌ನಲ್ಲಿ ಮಾತ್ರ ಶುರು ಮಾಡಬೇಡಿ, ಕಡಲು ಆಗ ಒರಟು. ದೀಪಾವಳಿ ಕಳೆದ ಮೇಲಿನ ಒಂದು ಹುಣ್ಣಿಮೆಯಿಂದ ಹಿಡಿಯಿರಿ. ಧಕ್ಕೆಯ ಕಂಬಕ್ಕೆ ಬಣ್ಣದ ಗೀಟು ಎಳೆಯಲು ಊರಿನ ಮೀನುಗಾರರೊಬ್ಬರನ್ನು ಕೇಳಿಕೊಳ್ಳಿ, ಮಕ್ಕಳು ದಂಡೆಯ ಮೇಲೆ ನಿಂತೇ ನೋಡಿ ಬರೆದುಕೊಳ್ಳಲಿ.