ಗುಟ್ಟು ಗೊತ್ತಾದ ಮೇಲೆ ಮ್ಯಾಜಿಕ್ ನೋಡೋದ್ರಲ್ಲಿ ಮಜಾ ಇದ್ಯಾ?

ಪ್ರಶ್ನೆ: ಸರ್, ಚಿಕ್ಕಂದಿನಿಂದ ನಂಗೆ ಮ್ಯಾಜಿಕ್ ಶೋ ಅಂದ್ರೆ ಪ್ರಾಣ. ಆದ್ರೆ ಇತ್ತೀಚೆಗೆ ಯೂಟ್ಯೂಬಲ್ಲಿ ಟ್ರಿಕ್‌ಗಳ ಗುಟ್ಟು ಬಯಲು ಮಾಡೋ ವಿಡಿಯೋಗಳನ್ನ ಒಂದಾದ್ಮೇಲೊಂದು ನೋಡಿ ನೋಡಿ, ಈಗ ಯಾವ ಶೋಗೆ ಹೋದ್ರೂ ಬರೀ ಅವರ ಕೈ ಮೇಲೇ ಕಣ್ಣು. ಪಕ್ಕದಲ್ಲಿ ಕೂತೋರು ಬಾಯ್ಬಿಟ್ಕೊಂಡು ನೋಡ್ತಿದ್ರೆ ನನ್ನ ತಲೇಲಿ ಮಾತ್ರ ಓ ಇಲ್ಲಿ ಕನ್ನಡಿ ಇದೆ, ಅಲ್ಲಿ ದಾರ ಇದೆ ಅಂತ ಓಡ್ತಿರುತ್ತೆ. ತಿಳ್ಕೊಂಡಿದ್ದೇ ತಪ್ಪಾಯ್ತಾ? ಹೋದ ಮಜಾ ವಾಪಸ್ ಬರುತ್ತಾ?
– ಒಬ್ಬ ಓದುಗ

ಉತ್ತರ: ನಿಮ್ಮ ಈ ಬೇಜಾರಿಗೆ ಹತ್ತಿರ ಹತ್ತಿರ ಎರಡು ಸಾವಿರ ವರ್ಷ ವಯಸ್ಸಾಗಿದೆ. ರೋಮ್‌ನ ತತ್ವಜ್ಞಾನಿ ಸೆನೆಕಾ ತನ್ನ ಗೆಳೆಯ ಲೂಸಿಲಿಯಸ್‌ಗೆ ಬರೆದ ಒಂದು ಪತ್ರದಲ್ಲಿ, ಬಟ್ಟಲು ಮತ್ತು ಹರಳು ಇಟ್ಕೊಂಡು ಆಟ ತೋರಿಸೋ ಜಾದೂಗಾರರ ಮಾತು ಬರುತ್ತೆ. ಆ ಮೋಸಾನೇ ನಂಗೆ ಖುಷಿ ಕೊಡೋದು, ಅದು ಹೇಗೆ ಅಂತ ತಿಳಿಸಿಬಿಟ್ರೆ ನನ್ನ ಪಾಲಿಗೆ ಆಟ ಮುಗೀತು ಅನ್ನೋ ಅರ್ಥದಲ್ಲಿ ಬರೀತಾನೆ. ಹಾಗಾಗಿ ತಿಳ್ಕೊಂಡ್ರೆ ಇನ್ನೂ ಮಜಾ ಜಾಸ್ತಿನೇ ಆಗುತ್ತೆ ಬಿಡಿ ಅಂತ ಸುಮ್ನೆ ಸಮಾಧಾನ ಹೇಳೋಕೆ ನಂಗೆ ಮನಸ್ಸಿಲ್ಲ. ನೀವು ಏನೋ ಕಳ್ಕೊಂಡಿರೋದು ನಿಜ. ಆದ್ರೆ ಅದಕ್ಕೆ ಕಾರಣ ತಿಳುವಳಿಕೆ ಅಲ್ಲ ಅಂತ ನನ್ನ ಅಭಿಪ್ರಾಯ.

ಯಾಕಂದ್ರೆ ಮ್ಯಾಜಿಕ್ ನೋಡೋಕೆ ಕೂತಿರೋ ಪ್ರತಿಯೊಬ್ಬರಿಗೂ ಎಲ್ಲಕ್ಕಿಂತ ದೊಡ್ಡ ಗುಟ್ಟು ಮೊದ್ಲೇ ಗೊತ್ತಿರುತ್ತೆ, ಇದು ನಿಜ ಅಲ್ಲ ಅನ್ನೋದು. ಅದು ಗೊತ್ತಿಲ್ದೇ ಹೋದ್ರೆ ಏನಾಗುತ್ತೆ ನೋಡಿ. 1956ರ ಏಪ್ರಿಲ್‌ನಲ್ಲಿ ಬಂಗಾಳದ ಜಾದೂಗಾರ ಪಿ.ಸಿ. ಸರ್ಕಾರ್ ಬಿಬಿಸಿಯ ಪನೋರಮಾ ಕಾರ್ಯಕ್ರಮದಲ್ಲಿ ಹುಡುಗಿಯನ್ನ ಗರಗಸದಲ್ಲಿ ಕೊಯ್ಯೋ ಐಟಂ ಮಾಡಿದ್ರು. ಕೊಯ್ದಾದ ಮೇಲೆ ಅವಳನ್ನ ಎಬ್ಬಿಸೋಕೆ ನೋಡಿದ್ರು, ಅವಳು ಏಳಲಿಲ್ಲ, ಮುಖಕ್ಕೆ ಬಟ್ಟೆ ಮುಚ್ಚಿದ್ರು, ಅಷ್ಟರಲ್ಲಿ ನಿರೂಪಕರು ಬಂದು ಕಾರ್ಯಕ್ರಮ ಮುಗಿಸಿಬಿಟ್ರು. ಹುಡುಗಿ ಸತ್ತೇ ಹೋದ್ಲು ಅಂದ್ಕೊಂಡು ಜನ ಬಿಬಿಸಿಗೆ ಫೋನ್ ಮೇಲೆ ಫೋನ್ ಮಾಡಿದ್ರು. 1921ರಲ್ಲಿ ಲಂಡನ್ನಿನಲ್ಲಿ ಸೆಲ್ಬಿಟ್ ಅನ್ನೋರು ಇದೇ ಥರ ಕೊಯ್ಯೋ ಆಟ ತೋರಿಸಿದಾಗಿಂದ ಜನ ಖುಷಿಯಾಗಿ ನೋಡ್ಕೊಂಡು ಬಂದಿದ್ದೇ, ಆದ್ರೆ ಆ ರಾತ್ರಿ ನಿಜ ಅಂತ ನಂಬಿದೋರಿಗೆ ಸಿಕ್ಕಿದ್ದು ಬರೀ ಗಾಬರಿ. ಇನ್ನೊಂದು ಇದಕ್ಕಿಂತ ಕಹಿ ಉದಾಹರಣೆ. 1856ರಲ್ಲಿ ಫ್ರೆಂಚ್ ಸರ್ಕಾರ ರಾಬೇರ್-ಊದಾನ್ ಅನ್ನೋ ಜಾದೂಗಾರನನ್ನ ಆಗ ತನ್ನ ವಸಾಹತಾಗಿದ್ದ ಅಲ್ಜೀರಿಯಾಗೆ ಕಳಿಸ್ತು, ನಮ್ಮ ಶಕ್ತಿ ದೊಡ್ಡದು ಅಂತ ಅಲ್ಲಿನ ಜನರಿಗೆ ತೋರಿಸೋಕೆ. ಗಟ್ಟಿಮುಟ್ಟಾದ ಆಳು ಬಂದು ಎಷ್ಟು ಜಗ್ಗಿದ್ರೂ ಸಣ್ಣ ಪೆಟ್ಟಿಗೆ ನೆಲ ಬಿಟ್ಟು ಏಳ್ತಿರಲಿಲ್ಲ, ಕೆಳಗೆ ಇದ್ದಿದ್ದು ವಿದ್ಯುತ್ ಅಯಸ್ಕಾಂತ. ಹೆದರಿಸೋಕೆ ಅಂತಾನೇ ಮಾಡಿದ ಆಟ ಅದು, ಅಲ್ಲಿ ಮಜಾ ಎಲ್ಲಿಂದ ಬರ್ಬೇಕು.

ಅಂದ್ರೆ ಅರ್ಧ ಗೊತ್ತಿರೋದು ಮಜಾಕ್ಕೆ ಬೇಕೇ ಬೇಕು. ಪ್ರಶ್ನೆ ಇರೋದು ಉಳಿದ ಅರ್ಧದ್ದು, ಅದು ಎಂಥ ಗುಟ್ಟು ಅನ್ನೋದ್ರ ಮೇಲೆ ಹೋಗುತ್ತೆ. ಕನ್ನಡಿ, ದಾರ, ಡಬಲ್ ತಳದ ಪೆಟ್ಟಿಗೆ, ಇಂಥವು ತಿಳಿದ ತಕ್ಷಣ ಇಷ್ಟೇನಾ ಅನ್ಸೋದು ಸಹಜ. ಆ ವಿಡಿಯೋಗಳಲ್ಲಿ ಹೆಚ್ಚಾಗಿ ಇರೋದೂ ಇವೇ, ಯಾಕಂದ್ರೆ ಹತ್ತು ಸೆಕೆಂಡಲ್ಲಿ ತೋರಿಸಿ ಮುಗಿಸಬಹುದು. ಕೈಚಳಕದ ಗುಟ್ಟು ಹಾಗಲ್ಲ. ಮ್ಯಾಜಿಕ್ ಕಲಿಯೋರು ಮೊದಮೊದಲು ಕಲಿಯೋ ಫ್ರೆಂಚ್ ಡ್ರಾಪ್‌ನೇ ತಗೊಳ್ಳಿ, ಆರಂಭದ ಪುಸ್ತಕಗಳಲ್ಲೆಲ್ಲ ಇರೋದ್ರಿಂದ ಇಲ್ಲಿ ಹೇಳಿದ್ರೆ ಯಾರಿಗೂ ದ್ರೋಹ ಆಗಲ್ಲ. ಎಡಗೈ ಬೆರಳ ತುದೀಲಿ ಕಾಯಿನ್ ಹಿಡ್ಕೋತಾರೆ, ಬಲಗೈ ತಂದು ಹೆಬ್ಬೆರಳನ್ನ ಕಾಯಿನ್ ಕೆಳಗೆ ತೂರಿಸಿ, ತಗೊಂಡ ಹಾಗೆ ಮುಷ್ಟಿ ಮುಚ್ಚಿ ಈಚೆ ಎಳ್ಕೋತಾರೆ. ಬಲಗೈ ಅಡ್ಡ ಬಂದಾಗ ಕಾಯಿನ್ ಎಡ ಅಂಗೈಗೇ ಜಾರಿರುತ್ತೆ. ಗುಟ್ಟು ಇಷ್ಟೇ. ಈಗ ಕನ್ನಡಿ ಮುಂದೆ ನಿಂತು ಮಾಡಿ ನೋಡಿ. ಕಾಯಿನ್ ಇಟ್ಕೊಂಡಿರೋ ಎಡಗೈ ಸೆಟೆದುಕೊಳ್ಳುತ್ತೆ, ಅದು ಖಾಲಿ ಕೈ ಥರ ಸಡಿಲವಾಗಿ ಕೆಳಗಿಳೀಬೇಕು. ಕಣ್ಣು ಎಡಗೈ ಕಡೆ ಕದ್ದು ನೋಡುತ್ತೆ, ಅದು ಬಲಗೈ ಹಿಂದೇನೇ ಹೋಗ್ಬೇಕು. ಖಾಲಿ ಮುಷ್ಟಿಯೊಳಗೆ ಕಾಯಿನ್ ಇದೆ ಅಂತ ಮಾಡೋರೇ ನಂಬಿದ ಹಾಗೆ ಕಾಣ್ಬೇಕು, ಇಲ್ದಿದ್ರೆ ನೋಡೋರೂ ನಂಬಲ್ಲ. ಇದನ್ನ ತಾವೇ ಮಾಡಿ ಸೋತೋರು, ಚೆನ್ನಾಗಿ ಮಾಡೋರ ಕೈ ನೋಡಿದಾಗ ಅವರಿಗೆ ಕಾಣೋದು ಬೇರೆ ಯಾರಿಗೂ ಕಾಣಲ್ಲ.

ಅಮೆರಿಕದ ಪೆನ್ ಮತ್ತು ಟೆಲ್ಲರ್ ಜೋಡಿ ಸೆನೆಕಾ ಹೇಳಿದ ಆ ಬಟ್ಟಲಿನ ಆಟವನ್ನೇ ಪಾರದರ್ಶಕ ಪ್ಲಾಸ್ಟಿಕ್ ಲೋಟದಲ್ಲಿ ಮಾಡ್ತಾರೆ. ಚೆಂಡು ಎಲ್ಲಿ ಹೋಯ್ತು, ಯಾವಾಗ ಲೋಟದೊಳಗೆ ಬಂತು, ಎಲ್ಲಾ ಕಣ್ಣೆದುರೇ ಇರುತ್ತೆ, ಮುಚ್ಚಿಡೋಕೆ ಏನೂ ಇಲ್ಲ, ಆದ್ರೂ ಕಣ್ಣು ನೋಡಿದ್ದನ್ನ ತಲೆ ಹಿಡಿಯೋಷ್ಟರಲ್ಲಿ ಮುಂದಿನದು ಆಗಿರುತ್ತೆ. ಗುಟ್ಟು ತೋರಿಸೋದೇ ಆಟ ಆಗಬಹುದು ಅನ್ನೋಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನಂಗೆ ಗೊತ್ತಿಲ್ಲ. ಅದೇ ಜೋಡಿ 2011ರಲ್ಲಿ ಶುರು ಮಾಡಿದ ಟಿವಿ ಶೋನಲ್ಲಿ ಬೇರೆ ಜಾದೂಗಾರರು ಬಂದು ಇವರನ್ನ ಏಮಾರಿಸೋಕೆ ನೋಡ್ತಾರೆ. ಇಷ್ಟೆಲ್ಲಾ ತಿಳಿದೋರು, ಒಂದು ಟ್ರಿಕ್ ಹೇಗೆ ಅಂತ ಹೊಳೀದೇ ಹೋದಾಗ ಅವರ ಮುಖ ನೋಡಿ, ಸಭಿಕರಿಗಿಂತ ಜಾಸ್ತಿ ಖುಷಿ ಅವರಿಗೇ ಆಗಿರುತ್ತೆ.

ನಿಮ್ಮ ವಿಷಯದಲ್ಲಿ ಕೆಟ್ಟಿದ್ದು ಎಲ್ಲಿ ಅಂದ್ರೆ, ಟ್ರಿಕ್ ಪೂರ್ತಿ ನೋಡಿ, ತಲೆ ಕೆರ್ಕೊಂಡು, ಹೀಗಿರಬಹುದಾ ಹಾಗಿರಬಹುದಾ ಅಂತ ನಾಲ್ಕು ದಿನ ಒದ್ದಾಡೋ ಮೊದ್ಲೇ ಉತ್ತರ ಕೈಗೆ ಬಂದುಬಿಡ್ತು, ಒಗಟು ಕೇಳೋ ಮುಂಚೆನೇ ಉತ್ತರ ಓದಿದ ಹಾಗೆ. ಆ ಒದ್ದಾಟದಲ್ಲೇ ಅರ್ಧ ಮಜಾ ಇರೋದು. ಆ ವಿಡಿಯೋಗಳನ್ನ ಸದ್ಯಕ್ಕೆ ನಿಲ್ಸಿ. ದೊಡ್ಡ ಸ್ಟೇಜಿನ ಪೆಟ್ಟಿಗೆ ಐಟಂಗಳ ಬದ್ಲು, ಟೇಬಲ್ ಮೇಲೆ ಇಸ್ಪೀಟು ಎಲೆ, ಕಾಯಿನ್ ಇಟ್ಕೊಂಡು ಹತ್ತಿರದಿಂದ ಮಾಡೋರನ್ನ ನೋಡಿ, ಒಂದು ಟ್ರಿಕ್ ನೀವೇ ಕಲೀರಿ. ಕನ್ನಡಿ ಪೆಟ್ಟಿಗೆಯ ಮಜಾ ಮೊದಲಿನ ಹಾಗೆ ವಾಪಸ್ ಬರುತ್ತೆ ಅಂತ ಮಾತ್ರ ನಾನು ಭರವಸೆ ಕೊಡಲ್ಲ, ಕೈಚಳಕದ್ದು ಖಂಡಿತ ಬರುತ್ತೆ.

ಪ್ರಶ್ನೆ: ನನ್ನ ಎಂಟು ವರ್ಷದ ಮಗಳು ಮ್ಯಾಜಿಕ್ ನೋಡಿ ಬಂದಾಗೆಲ್ಲ ಹೇಗೆ ಮಾಡಿದ್ರು ಹೇಳಮ್ಮ ಅಂತ ಪ್ರಾಣ ತಿಂತಾಳೆ. ಹೇಳ್ಬೇಕಾ ಬೇಡ್ವಾ?
– ಒಬ್ಬ ತಾಯಿ

ಉತ್ತರ: ತಕ್ಷಣ ಹೇಳ್ಬೇಡಿ ತಾಯಿ. ನಿಂಗೇನು ಅನ್ಸುತ್ತೆ ಪುಟ್ಟಿ ಅಂತ ಅವಳನ್ನೇ ಕೇಳಿ, ಅವಳು ಕೊಡೋ ಕಾರಣಗಳು ತಪ್ಪಿದ್ರೂ ಪರವಾಗಿಲ್ಲ, ಯೋಚನೆ ಮಾಡ್ಲಿ. ಆದ್ರೆ ಯಾರಾದ್ರೂ ಇದೇ ಕೈಚಳಕ ತೋರಿಸಿ ನಂಗೆ ದೈವೀ ಶಕ್ತಿ ಇದೆ, ಸತ್ತೋರ ಹತ್ರ ಮಾತಾಡಿಸ್ತೀನಿ ಅಂದ್ರೆ ಅಲ್ಲಿ ಗುಟ್ಟು ಕಾಪಾಡೋ ಮಾತೇ ಇಲ್ಲ, ಗೊತ್ತಿದ್ದಷ್ಟನ್ನೂ ಬಿಡಿಸಿ ಹೇಳಿ. 1584ರಲ್ಲೇ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ ಮಾಟಮಂತ್ರದ ನಂಬಿಕೆ ವಿರುದ್ಧ ಬರೆದ ಪುಸ್ತಕದಲ್ಲಿ ಜಾದೂಗಾರರ ಕೈಚಳಕಗಳನ್ನ ವಿವರಿಸಿದ್ದ. ತನ್ನ ಗುಟ್ಟುಗಳನ್ನ ಅಷ್ಟು ಜೋಪಾನ ಮಾಡ್ತಿದ್ದ ಅಮೆರಿಕದ ಜಾದೂಗಾರ ಹೌಡಿನಿನೂ 1920ರ ದಶಕದಲ್ಲಿ ಸತ್ತೋರ ಆತ್ಮ ಕರೆಸ್ತೀವಿ ಅನ್ನೋರ ಮೋಸಗಳನ್ನ ಸ್ಟೇಜ್ ಮೇಲೇ ಬಯಲು ಮಾಡ್ತಿದ್ದ. ಮಗಳಿಗೆ ಆಸೆ ಇದ್ರೆ ಮೇಲೆ ಹೇಳಿದ ಕಾಯಿನ್ ಆಟಾನೇ ಕಲಿಸಿ, ಅವಳ ಕೈಗೆ ಹೊಂದೋ ಸೈಜಿನ ಕಾಯಿನ್ ಕೊಡಿ, ಪೂರ್ತಿ ಕೈಗೆ ಕೂತ ಮೇಲೆ ಅವಳು ಮೊದಲು ಅಪ್ಪನ ಮುಂದೆ ಮಾಡಿ ತೋರಿಸ್ಲಿ, ಅಪ್ಪನಿಗೆ ಮಾತ್ರ ನೀವು ಮೊದ್ಲೇ ಹೇಳ್ಬೇಡಿ.